ತಂಗಿಯ ಕೇಸು

"ಸ್ವಂತ ತಂಗಿಯ ಕೇಸು ಬಂದಾಗಲೂ ಮೇಡಂ ಅದನ್ನು ಮುಟ್ಟಲಿಲ್ಲ. ಬೇರೆ ನ್ಯಾಯಾಧೀಶರಿಗೆ ಒಪ್ಪಿಸಿಬಿಟ್ಟರು. ನಿಷ್ಠೆ ಅಂದ್ರೆ ಇದಲ್ವೇನ್ರಿ?" ವಕೀಲರ ಸಂಘದ ಅಧ್ಯಕ್ಷರು ಮೈಕಿನಲ್ಲಿ ಕೇಳಿದರು. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು.

ಎರಡನೆಯ ಸಾಲಿನಲ್ಲಿ ಕೂತಿದ್ದ ತಂಗಿಗೆ ಮೈಯೆಲ್ಲ ಉರಿಯಿತು. ಆ ಕೇಸಿನಲ್ಲಿ ಅವಳ ಮಗು ಗಂಡನ ಪಾಲಾಗಿತ್ತು. ಸಂಪಾದನೆಯಿಲ್ಲದ ಹೆಂಗಸು ಮಗುವನ್ನು ಹೇಗೆ ಸಾಕಿಯಾಳು ಎಂದು ಆ ಇನ್ನೊಬ್ಬ ನ್ಯಾಯಾಧೀಶ ಬರೆದಿದ್ದ. ಆಮೇಲೆ ಅವಳು ಹೊಲಿಗೆ ಕಲಿತಳು, ಅಂಗಡಿ ಇಟ್ಟಳು. ಇಲ್ಲಿ ಕೂತ ಅರ್ಧ ವಕೀಲರ ಕಪ್ಪು ಕೋಟು ಅವಳು ಹೊಲಿದದ್ದೇ. ಅಧ್ಯಕ್ಷರದ್ದನ್ನಂತೂ ಹೊಟ್ಟೆಯ ಕಡೆ ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದಳು. ಮಗ ಮಾತ್ರ ವಾಪಸು ಬರಲಿಲ್ಲ. ಈಗಲೂ ಫೋನು ಮಾಡಿದರೆ "ಚೆನ್ನಾಗಿದ್ದೀರಾ" ಎಂದು ದೂರದ ನೆಂಟರನ್ನು ಕೇಳುವ ಹಾಗೆ ವಿಚಾರಿಸುತ್ತಾನೆ.

ಅಂದಿನಿಂದ ಅವಳು ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಊರಿನ ಮೊದಲ ಮಹಿಳಾ ನ್ಯಾಯಾಧೀಶೆ ಎಂದು ಜನ ಅಕ್ಕನನ್ನು ಅಟ್ಟಕ್ಕೇರಿಸುವಾಗ ತಲೆ ಎತ್ತದೆ ಹೊಲಿಗೆಯಂತ್ರ ತುಳಿಯುತ್ತಿದ್ದಳು. ತಂಗಿಯ ಕೇಸನ್ನು ಅಕ್ಕ ಕೇಳುವಂತಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ತೀರ್ಪು ಬಂದ ದಿನ ಅಕ್ಕ ಮನೆ ಕಡೆಗೂ ತಲೆ ಹಾಕಲಿಲ್ಲವಲ್ಲ, ಹಾಗೆ ಮಾಡು ಎಂದು ಯಾವ ಕಾನೂನು ಹೇಳಿತ್ತು? ಇವತ್ತು ಕೋರ್ಟಿನಲ್ಲಿ ನಿವೃತ್ತಳಾದ ಅಕ್ಕನ ಭಾವಚಿತ್ರದ ಅನಾವರಣ. "ನೀನು ಬರಲೇಬೇಕು" ಎಂದು ಅಕ್ಕನೇ ಹೇಳಿಕಳಿಸಿದ್ದಳು. ಈಗಲಾದರೂ ಒಂದು ಮಾತು ಆಡಿಯಾಳೆಂಬ ಆಸೆಗೆ ಬಂದರೆ, ಸಿಕ್ಕಿದ್ದು ಈ ಚಪ್ಪಾಳೆ. ಅವಳು ಚೀಲ ಎತ್ತಿಕೊಂಡು ಎದ್ದಳು.

"ಒಂದು ನಿಮಿಷ, ಅಧ್ಯಕ್ಷರೇ." ವೇದಿಕೆಯ ಮೇಲೆ ಅಕ್ಕ ಮೈಕು ಕೇಳಿ ತೆಗೆದುಕೊಂಡಿದ್ದಳು. "ಕೇಸು ಬಿಟ್ಟುಕೊಟ್ಟಿದ್ದು ಸರೀನೇ. ಅದು ನನ್ನ ಕೆಲಸ, ಅದಕ್ಕೆ ಚಪ್ಪಾಳೆ ಯಾಕೆ? ಅವತ್ತು ಕಳ್ಕೊಂಡವಳು ನನ್ನ ತಂಗಿ. ಅವಳ ಮನೆಗೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳೋದಕ್ಕೂ ನಾನು ಹೆದರಿದೆ. ಜನ ಏನಂತಾರೋ ಅಂತ."

ಸಭೆ ಪೆಚ್ಚಾಯಿತು. ಅಧ್ಯಕ್ಷರು ಕೆಮ್ಮಿ, ಚಿತ್ರದ ಪರದೆ ಸರಿಸುವ ದಾರವನ್ನು ಅಕ್ಕನ ಕೈಗೆ ಕೊಡಹೋದರು. ಅವಳು ತೆಗೆದುಕೊಳ್ಳಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತ ಇಳಿದು ಬಂದಳು. ತಂಗಿಯ ಪಕ್ಕದಲ್ಲಿದ್ದವರು ಎದ್ದು ಜಾಗ ಬಿಟ್ಟರು. ಅಕ್ಕ ಅಲ್ಲಿ ಕೂತಳು.

ತಂಗಿ ನಿಂತೇ ಇದ್ದಳು. "ಎಲ್ಲ ನಿನ್ನನ್ನೇ ಕಾಯ್ತಿದ್ದಾರೆ. ಹೋಗು."

"ಕಾಯ್ಲಿ. ನೀನು ಕೂತ್ಕೋ."

ತಂಗಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಂದೆ ನೋಡುತ್ತಲೇ ಕೇಳಿದಳು: "ಮಂಡಿ ಯಾವಾಗಿಂದ ಹೀಗೆ ನೋಯ್ತಿದೆ?"