ಎಡ ದವಡೆ

ಸೋಮವಾರ ಬೆಳಗ್ಗೆ ತೊಟ್ಟಿಯ ತಳಕ್ಕೆ ಕೈ ಹೋದಾಗ ಅವಳಿಗೆ ಸಿಕ್ಕಿದ್ದು ಮರಳು. ಮೊಣಕೈವರೆಗಿನ ರಬ್ಬರ್ ಗವಸಿನ ಒಳಗಿಂದಲೂ ಅದು ಮರಳೆಂದು ತಿಳಿಯಿತು. ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ತಡಕಿದಳು. ಒಂದು ಹಲ್ಲು ಬಂತು. ಮತ್ತೊಂದು ಹಲ್ಲು ಬಂತು. ದವಡೆಯ ಹಿಂದಿನ ಗೆಣ್ಣು, ಹೆಬ್ಬೆರಳಿನಷ್ಟು ದಪ್ಪದ್ದು, ಬಂತು. ಉಳಿದದ್ದು ಬರಲಿಲ್ಲ. ಬಗ್ಗಿದಾಗ ಹುಳಿ ವಾಸನೆ ಮೂಗಿಗೆ ಹೊಡೆಯಿತು. ತೊಟ್ಟಿಯಲ್ಲಿದ್ದದ್ದು ನೀರಲ್ಲ, ಆಸಿಡ್.

"ರೀ," ಎಂದಳು. ಗಂಡ ಕಾರ್ಯಾಗಾರದ ಆ ತುದಿಯಲ್ಲಿ ಕಬ್ಬಿಣದ ಸರಳೊಂದನ್ನು ಬಗ್ಗಿಸುತ್ತಿದ್ದ. "ಶುಕ್ರವಾರ ಆಸಿಡ್ ಬಸಿದು ನೀರು ತುಂಬಿದ್ದು ನೀವೇ ಅಲ್ವಾ?"

"ನಾನ್ಯಾಕೆ ತುಂಬ್ಲಿ? ನಿನ್ನ ತೊಟ್ಟಿಗೆ ನಾನು ಯಾವತ್ತು ಕೈ ಹಾಕಿದ್ದೀನಿ?"

"ಮತ್ತೆ ಕೆಂಪು ಬಟ್ಟೆ ಎಲ್ಲಿ ಹೋಯ್ತು?"

ಅವನು ಸರಳು ಕೆಳಗಿಟ್ಟ. ಏನೋ ನೆನಪಾದವನಂತೆ ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹಾಕಿದ. ಗ್ರೀಸ್ ಮೆತ್ತಿ ಕಪ್ಪಾದ ಕೆಂಪು ಬಟ್ಟೆ ಹೊರಗೆ ಬಂತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಆ ವಸ್ತುಸಂಗ್ರಹಾಲಯದ ಕಾರ್ಯಾಗಾರದಲ್ಲಿ ಅದೊಂದು ಬರೆಯದ ಕಾನೂನಾಗಿತ್ತು. ಸುಣ್ಣಕಲ್ಲಿನಲ್ಲಿ ಹುದುಗಿದ ಪಳೆಯುಳಿಕೆಯನ್ನು ತೆಳು ಆಸಿಡ್‌ನಲ್ಲಿ ಮುಳುಗಿಸಿದರೆ ಕಲ್ಲು ಕರಗಿ ಎಲುಬು ಉಳಿಯುತ್ತದೆ. ಆದರೆ ಹೊತ್ತು ಮೀರಬಾರದು. ಹೊರಬಂದಷ್ಟು ಎಲುಬಿಗೆ ಅಂಟು ಬಳಿದು ಗಟ್ಟಿಮಾಡಿಕೊಂಡೇ ಮುಂದಕ್ಕೆ ಹೋಗಬೇಕು. ಯಾಕೆಂದರೆ ಇಷ್ಟು ಹಳೆಯ ಎಲುಬೆಲ್ಲ ಬಿರುಕುಮಯ, ಬಿರುಕುಗಳೊಳಗಿನ ಕಲ್ಲೇ ಅದನ್ನು ಹಿಡಿದಿಟ್ಟಿರುತ್ತದೆ. ತೊಟ್ಟಿಯಲ್ಲಿ ಆಸಿಡ್ ಇದ್ದರೆ ಮುಚ್ಚಳದ ಮೇಲೆ ಕೆಂಪು ಬಟ್ಟೆ. ಆಸಿಡ್ ಬಸಿದು ನೀರು ತುಂಬಿದ ಮೇಲೆ ಬಟ್ಟೆ ತೆಗೆಯುವುದು. ಕಸ ಗುಡಿಸುವವಳಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅದು ಗೊತ್ತು. ಗಂಡನಿಗಂತೂ ಚೆನ್ನಾಗಿ ಗೊತ್ತು.

ಶುಕ್ರವಾರ ಅಳಿಯನ ಫೋನ್ ಬಂದಾಗ ಗಂಡನ ಕೈತುಂಬ ಗ್ರೀಸ್ ಇತ್ತು. "ಅತ್ತೆ, ನೋವು ಶುರುವಾಗಿದೆ, ಬಂದ್ಬಿಡಿ" ಎಂದಿದ್ದ ಅಳಿಯ. ಚೊಚ್ಚಲ ಹೆರಿಗೆ, ಇಬ್ಬರಿಗೂ ಕೈಕಾಲು ಆಡಲಿಲ್ಲ. ಅವಳು ಏಪ್ರನ್ ಬಿಚ್ಚಿ ಎಸೆದಳು, ಅವನು ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಓಡಿದ. ಮಾರನೇ ದಿನ, ಹತ್ತಿಯಂಥ ಮೊಮ್ಮಗಳನ್ನು ಎತ್ತಿಕೊಂಡು ಕೂತಿದ್ದಾಗ ಅವಳಿಗೆ ದವಡೆ ನೆನಪಾಯಿತು. ತಕ್ಷಣ ಕಾವಲುಗಾರನಿಗೆ ಫೋನ್ ಮಾಡಿದಳು. "ತೊಟ್ಟಿ ಮೇಲೆ ಕೆಂಪು ಬಟ್ಟೆ ಇದೆಯಾ ನೋಡಪ್ಪ." ಅವನು ಹೋಗಿ ನೋಡಿ ಬಂದು, "ಇಲ್ಲಕ್ಕ, ಬರೀ ಮುಚ್ಚಳ ಇದೆ" ಅಂದ. ಅವಳಿಗೆ ಗಂಡನ ಮೇಲೆ ಎಂದಿಲ್ಲದ ಪ್ರೀತಿ ಬಂತು. ಅಷ್ಟು ಗಡಿಬಿಡಿಯಲ್ಲೂ ನನ್ನ ದವಡೆ ಮರೆತಿಲ್ಲವಲ್ಲ ಈ ಮನುಷ್ಯ, ಅಂದುಕೊಂಡಳು. ಅವನನ್ನು ಕೇಳಲೂ ಇಲ್ಲ. ಕೇಳಿದ್ದರೆ ಶನಿವಾರವೇ ಹೊರತೆಗೆದು ಅರ್ಧವಾದರೂ ಉಳಿಸಿಕೊಳ್ಳಬಹುದಿತ್ತು.

ಅವಳನ್ನು ಅಲ್ಲಿ ಎಲ್ಲರೂ ಎಲುಬಕ್ಕ ಅನ್ನುತ್ತಿದ್ದರು. ಪಕ್ಕದ ಹಾಲ್‌ನಲ್ಲಿ ಬಾಯಿ ತೆರೆದು ನಿಂತಿದ್ದ ಬೇಟೆಗಾರ ಡೈನೋಸಾರ್‌ಗೆ ಅವಳಿಟ್ಟ ಹೆಸರು ಯಜಮಾನ. ನೆಲದಲ್ಲಿ ಸಿಕ್ಕಿದ್ದು ಪೂರ್ತಿ ಪ್ರಾಣಿಯ ಕಾಲುಭಾಗವೂ ಅಲ್ಲ: ಎಡಗಾಲು, ಸೊಂಟದ ಒಂದು ತುಂಡು, ಒಂದಷ್ಟು ಪಕ್ಕೆಲುಬು, ಬಾಲದ ನಡುವಿನ ಮೂಳೆಗಳು, ತಲೆಬುರುಡೆಯ ಹಿಂಭಾಗ, ಮತ್ತೆ ಈ ಎಡ ಕೆಳದವಡೆ. ಎಡಗಾಲನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬಲಗಾಲು ಮಾಡಿದ್ದಳು. ಕತ್ತಿಗೆ ದಾಯಾದಿ ಪ್ರಾಣಿಯೊಂದರ ಅಳತೆ ತಂದಿದ್ದಳು. ಕೈಗಳು ಬರೀ ಊಹೆ. "ಈ ಯಜಮಾನ್ರಿಗೆ ಕೈಯೇ ಸಿಕ್ಕಿಲ್ಲ, ನಮ್ಮನೆ ಯಜಮಾನ್ರಿಗೆ ಕೈ ಇದ್ರೂ ಒಂದು ಲೋಟ ಎತ್ತಿಡಲ್ಲ" ಎಂದು ಗಂಡನನ್ನು ರೇಗಿಸುವುದು ಅವಳ ದಿನದ ಪಾಠವಾಗಿತ್ತು. ಅವನು ಕಬ್ಬಿಣ ಬಗ್ಗಿಸುತ್ತಲೇ ನಗುತ್ತಿದ್ದ.

ಇಷ್ಟೆಲ್ಲದರ ಹಿಂದೆ ಇದ್ದವರು ಮೇಡಂ, ವಸ್ತುಸಂಗ್ರಹಾಲಯದ ವಿಜ್ಞಾನಿ. ಮೂವತ್ತು ವರ್ಷದ ಹಿಂದೆ ಕಲ್ಲುಗಣಿಯ ಗೋಡೆಯಲ್ಲಿ ಒಂದು ಕಾಲ್ಬೆರಳು ಕಂಡು, ಅಲ್ಲೇ ಡೇರೆ ಹಾಕಿ ಕೂತವರು. ಮದುವೆ, ಮನೆ ಎಲ್ಲ ಅವರಿಗೆ ಅದೇ ಆಗಿಹೋಗಿತ್ತು. ಅವರದೊಂದು ಕಟ್ಟುನಿಟ್ಟು: ಸಿಕ್ಕಿದ ಎಲುಬಿಗೆ ಅದರದೇ ಕಪ್ಪು, ಮಾಡಿದ ಎಲುಬಿಗೆ ಹಾಲು ಹೆಚ್ಚಾದ ಚಹಾದ ಬಣ್ಣ. ಕಂಬಿಯಾಚೆ ನಿಂತು ನೋಡುವ ಮಗುವಿಗೂ ಯಾವುದು ನಿಜ, ಯಾವುದು ಕೈಚಳಕ ಅಂತ ಗೊತ್ತಾಗಬೇಕು.

ಹೊರಗಿನ ತಜ್ಞನೊಬ್ಬ, ಮೇಡಂ ಬಾಯಲ್ಲಿ ಸದಾ "ಆ ಬಿಳಿಗಡ್ಡ", ಇದು ಹೊಸ ಪ್ರಾಣಿಯೇ ಅಲ್ಲ, ಈಗಾಗಲೇ ಗೊತ್ತಿರುವ ಪ್ರಾಣಿಯ ಮರಿ ಎಂದು ಬರೆದಿದ್ದ. ಮೇಡಂ ಬಿಡಲಿಲ್ಲ. ದವಡೆಯ ಒಳಬದಿಯಲ್ಲಿ ಹಲ್ಲುಗಳ ಕೆಳಗೆ ಒಂದು ಗೆರೆ ಓಡುತ್ತದೆ. ಆ ಪ್ರಾಣಿಯಲ್ಲಿ ಅದು ಮುಂತುದಿಯಿಂದ ಮೂರನೇ ಹಲ್ಲಿಗೇ ನಿಂತುಹೋಗುತ್ತದೆ, ನಮ್ಮದರಲ್ಲಿ ತುದಿಯವರೆಗೂ ಹೋಗುತ್ತದೆ, ಕಲ್ಲು ಕರಗಿದ ದಿನ ಬಂದು ನೋಡು, ಎಂದು ಅಚ್ಚಿನಲ್ಲೇ ಸವಾಲು ಹಾಕಿದ್ದರು. ಕಲ್ಲು ಸ್ವಲ್ಪಸ್ವಲ್ಪವೇ ಕರಗುತ್ತ ಬಂದಿತ್ತು. ತುದಿಯ ಮೇಲೆ ಕಲ್ಲಿನ ತೆಳು ಪೊರೆಯಷ್ಟೇ ಉಳಿದಿತ್ತು. ಶುಕ್ರವಾರದ್ದು ಕೊನೆಯ ಆಸಿಡ್ ಸ್ನಾನ. ಅವತ್ತು ಮಧ್ಯಾಹ್ನ ಮೇಡಂ ಊರಿಂದಾಚೆಯಿಂದ ಫೋನ್ ಮಾಡಿ, "ಗೆರೆ ಮುಂದೆ ಹೋಗಿದೆಯಾ?" ಎಂದು ಕೇಳಿದಾಗ ಅವಳು ಪೊರೆಯ ಮೇಲೆ ಉಗುರಾಡಿಸಿ, "ಹೋಗ್ತಾ ಇರೋ ಹಾಗಿದೆ ಮೇಡಂ" ಅಂದಿದ್ದಳು. ಗುರುವಾರ ಬೆಳಗ್ಗೆ ಮೇಡಂ ಬಿಳಿಗಡ್ಡನಿಗೆ ಗಣಿ ತೋರಿಸಿಕೊಂಡು ಸೀದಾ ಇಲ್ಲಿಗೆ ಕರೆತರುವವರಿದ್ದರು.

ಅವಳು ತೊಟ್ಟಿ ಬಸಿದು, ಸಿಕ್ಕಿದ ಚೂರುಗಳನ್ನೆಲ್ಲ ಒಂದು ತಟ್ಟೆಗೆ ಸುರಿದು ಕೂತಳು. ಒಂದಕ್ಕೊಂದು ಜೋಡಿಸಲು ನೋಡಿದಳು. ಎರಡು ಚೂರು ಕೂಡಿದರೆ ಮೂರನೆಯದು ಬೆರಳಲ್ಲೇ ಪುಡಿಯಾಗುತ್ತಿತ್ತು. ಸಂಜೆಯವರೆಗೂ ಅದನ್ನೇ ಮಾಡಿದಳು. ಆಮೇಲೆ ಅಳು ಬಂತು. ಯಾರೋ ಸತ್ತಾಗ ಅಳುವ ಅಳುವಲ್ಲ. ಬೀಗದಕೈ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡವರು ಹೊರಗೆ ಕೂತು ಅಳುವಂಥ, ಸಿಟ್ಟಿನ ಅಳು. ಗಂಡ ಹತ್ತಿರ ಬರಲಿಲ್ಲ. ಬರಲು ಮುಖವಿರಲಿಲ್ಲ ಅವನಿಗೆ.

"ನನ್ನನ್ನ ಬೈದ್ಬಿಡು," ಅಂದ, ದೂರದಿಂದಲೇ.

"ಬೈದ್ರೆ ಬರುತ್ತಾ?"

ಮಾರನೇ ದಿನ ಬೆಳಗ್ಗೆ ಅವನೇ, ಹಿಂದೆಯೇ ಅವಳು ತೆಗೆದಿಟ್ಟಿದ್ದ ಹೊರಬದಿಯ ಅಚ್ಚು ತಂದು ಅವಳ ಮುಂದಿಟ್ಟ. ದವಡೆಯ ಹೊರಮೈ ಪೂರ್ತಿಯಾಗಿ ಅದರಲ್ಲಿತ್ತು. "ಇದರಲ್ಲಿ ರಾಳ ಸುರಿದು ಒಂದು ತೆಗಿ. ಒಳಗಡೆ ನೀನೇ ಕೆತ್ತು. ನಿನ್ನ ಬೆರಳಿಗೆ ಗೊತ್ತಿಲ್ಲದ್ದೇನಿದೆ ಅದರಲ್ಲಿ?"

"ತಿಳಿ ಬಣ್ಣ ಬಳಿದ ದವಡೆ ನೋಡಿ ಅವರೇನು ಮಾಡ್ತಾರೆ?"

"ತಿಳಿ ಬಣ್ಣ ಯಾಕೆ ಬಳೀತೀಯ?"

ಅವಳು ತಲೆಯೆತ್ತಿ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ಮೇಡಂಗೋಸ್ಕರ," ಅಂದ. "ನಮ್ಮ ಕೆಲಸ ಹೋದ್ರೆ ಹೋಗ್ಲಿ, ನನಗೆ ಕಬ್ಬಿಣ ಬಗ್ಸೋಕೆ ಎಲ್ಲಾದ್ರೂ ಜಾಗ ಸಿಗುತ್ತೆ. ಆಯಮ್ಮನಿಗೆ ಏನಿದೆ ಹೇಳು? ಇದೊಂದು ಹೋದ್ರೆ ಮೂವತ್ತು ವರ್ಷ ಹೋಯ್ತು. ಗೆರೆ ಇತ್ತು ತಾನೇ? ನೀನೇ ಹೇಳಿದ್ದಲ್ವಾ? ಇದ್ದದ್ದನ್ನೇ ವಾಪಸ್ ಮಾಡ್ತೀಯ, ಅಷ್ಟೇ."

ಇದ್ದದ್ದನ್ನೇ ವಾಪಸ್. ಆ ಮಾತು ಅವಳನ್ನು ಹಿಡಿದುಕೊಂಡಿತು. ಹತಾಶಳಾದವಳಿಗೆ ಅಷ್ಟು ಸಾಕು. ಅಚ್ಚಿಗೆ ರಾಳ ಸುರಿದಳು, ತೂಕ ಬರಲಿ ಎಂದು ಗಂಡ ಅದರೊಳಗೆ ಕಬ್ಬಿಣದ ಗುಂಡು ಹಾಕಿದ. ಒಳಬದಿಯನ್ನು ಹಲ್ಲುವೈದ್ಯರ ಸಲಾಕೆಯಂಥ ಉಪಕರಣದಿಂದ ಕೆತ್ತಿದಳು. ಹಲ್ಲಿನ ಗೂಡು, ನರ ಹಾದುಹೋಗುವ ತೂತು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಗೆರೆಗೆ ಬಂದಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ. ಕೂದಲಿನಷ್ಟು ಬಿರುಕುಗಳನ್ನೂ ಬಿಡಲಿಲ್ಲ. ಬುಧವಾರ ಕಪ್ಪು ಬಣ್ಣ ಹಚ್ಚಿ, ಅದರ ಮೇಲೆ ಕಂದು, ಅದರ ಮೇಲೆ ಮಣ್ಣಿನ ಧೂಳು ಉಜ್ಜಿದಳು. ಮುಗಿಸಿ ದೂರ ನಿಂತು ನೋಡಿದಾಗ ಅವಳಿಗೇ ಭಯವಾಯಿತು. ಜೀವನದಲ್ಲಿ ಇಷ್ಟು ಚೆನ್ನಾಗಿ ಏನನ್ನೂ ಮಾಡಿರಲಿಲ್ಲ. ಅವತ್ತು ಮಗಳು ಫೋನ್ ಮಾಡಿ, "ಅಮ್ಮ, ಮಗು ನೋಡೋಕೆ ಬರಲ್ವಾ?" ಅಂದಾಗ, "ನಾಳೆ ಕಳೀಲಿ" ಅಂದುಬಿಟ್ಟಳು.

ಗುರುವಾರ ಮೇಡಂ ಒಬ್ಬರೇ ಮೊದಲು ಒಳಗೆ ಬಂದರು. ಕಾಲಲ್ಲಿ ಗಣಿಯ ಧೂಳು ಹಾಗೇ ಇತ್ತು. "ಆತ ಹಾಲ್‌ನಲ್ಲಿ ಸುತ್ತುಹಾಕ್ತಿದ್ದಾನೆ, ನಮ್ಮ ಯಜಮಾನನ ಕತ್ತಿನಲ್ಲಿ ತಪ್ಪು ಹುಡುಕ್ತಾ. ಎಲ್ಲಿ ಅದು?"

ಅವಳು ಮೇಜಿನ ಕಡೆ ಕೈ ತೋರಿದಳು. ಮೇಡಂ ದವಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಒಳಬದಿ ತಿರುಗಿಸಿದರು. ಹೆಬ್ಬೆರಳು ಗೆರೆಯ ಮೇಲೆ ನಿಧಾನಕ್ಕೆ ಸರಿಯಿತು. ಮೂರನೇ ಹಲ್ಲು ದಾಟಿತು, ಎರಡನೆಯದು ದಾಟಿತು, ತುದಿಗೆ ಹೋಗಿ ನಿಂತಿತು. ಅವರು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ನಿಜ ಹೇಳ್ಲಾ?" ಅಂದರು. "ಇಷ್ಟು ಸ್ಪಷ್ಟವಾಗಿರುತ್ತೆ ಅಂತ ನಾನೇ ಅಂದ್ಕೊಂಡಿರ್ಲಿಲ್ಲ. ಎಷ್ಟೋ ಸಲ ಅನ್ನಿಸ್ತಿತ್ತು, ಆತನೇ ಸರಿ ಇರಬಹುದು, ನಾನು ಸುಮ್ನೆ ಹಟ ಮಾಡ್ತಿದ್ದೀನಿ ಅಂತ."

ಈವರೆಗೆ ತಾನು ಮುಚ್ಚಿಡುತ್ತಿರುವುದು ಒಂದು ಅಪಘಾತವನ್ನು ಎಂದಷ್ಟೇ ಎಲುಬಕ್ಕ ತಿಳಿದಿದ್ದಳು. ಮೇಡಂಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಕಲ್ಲಿನೊಳಗಿದ್ದ ಪ್ರಶ್ನೆಗೆ ಉತ್ತರವನ್ನು ಅವಳು ಮೊನ್ನೆ ಈ ಸ್ಟೂಲಿನ ಮೇಲೆ ಕೂತು ಕೆತ್ತಿದ್ದಳು.

ಗಂಡ ಮೇಡಂ ಬೆನ್ನ ಹಿಂದೆ ನಿಂತು ಬೇಡ ಎಂಬಂತೆ ತಲೆಯಾಡಿಸಿದ.

"ಮೇಡಂ, ಅದು ನಾನು ಮಾಡಿದ್ದು," ಅಂದಳು.

"ನೀನೇ ಮಾಡಿದ್ದು. ನಿನ್ನ ಹೆಸರು ನಾನು ಎಲ್ಲ ಕಡೆ..."

"ಹಾಗಲ್ಲ. ಅದು ರಾಳ. ನಿಜವಾದ್ದು ಹೋಯ್ತು. ಆಸಿಡ್‌ನಲ್ಲಿ ಉಳಿದ್ಬಿಡ್ತು, ಸೋಮವಾರದವರೆಗೆ."

ಮೇಡಂ ಕೈಯಲ್ಲಿದ್ದದ್ದನ್ನು ನೋಡಿದರು, ಅವಳನ್ನು ನೋಡಿದರು. ಕೂಗಲಿಲ್ಲ. ಅವರು ಕೂಗಿದ್ದರೆ ಅವಳಿಗೆ ಎಷ್ಟೋ ನಿರಾಳವಾಗುತ್ತಿತ್ತು. ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡು, "ಉಳಿದದ್ದು?" ಅಂದರು.

ಅವಳು ಕಪಾಟಿನಿಂದ ತಟ್ಟೆ ತಂದು ಮೇಜಿನ ಮೇಲಿಟ್ಟಳು. ಎರಡು ಹಲ್ಲು, ಒಂದು ಗೆಣ್ಣು, ಒಂದಷ್ಟು ಚೂರು, ಹಿಡಿಯಷ್ಟು ಮರಳು.

"ತಪ್ಪು ನಂದು ಮೇಡಂ," ಅಂದ ಗಂಡ. "ಬಟ್ಟೆ ನಾನು ತಗೊಂಡು ಹೋದೆ. ಅವಳದೇನೂ ಇಲ್ಲ."

ಮೇಡಂ ಅವನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದರು. "ಶುಕ್ರವಾರ ನೀನು ಉಗುರಾಡಿಸಿ ನೋಡಿದೆಯಲ್ಲ. ಗೆರೆ ಎಲ್ಲಿವರೆಗೆ ಇತ್ತು?"

ಅವಳು ಕಣ್ಣು ಮುಚ್ಚಿಕೊಂಡಳು. ನೆನಪು ಮಾಡಿಕೊಳ್ಳಲು ಜೀವ ಹಿಂಡಿ ಪ್ರಯತ್ನಿಸಿದಳು. ಬೆರಳ ತುದಿಗೆ ಬಂದದ್ದು ರಾಳದ ನುಣುಪು.

"ಗೊತ್ತಿಲ್ಲ ಮೇಡಂ. ಮಾಡೋಕೆ ಮುಂಚೆ ಗೊತ್ತಿತ್ತು. ಈಗ ಎಷ್ಟು ನೆನೆಸ್ಕೊಂಡ್ರೂ ನಾನು ಮಾಡಿದ್ದೇ ಕಾಣುತ್ತೆ."

ಹಾಲ್‌ನಿಂದ ಯಾರೋ ನಗುವ ಸದ್ದು ಬಂತು, ಬೂಟಿನ ಸದ್ದು ಹತ್ತಿರವಾಯಿತು. ಗಂಡ ದನಿ ತಗ್ಗಿಸಿ, ಬೇಡಿಕೊಳ್ಳುವವನಂತೆ ಹೇಳಿದ, "ಮೇಡಂ, ಯಾರಿಗೂ ಗೊತ್ತಾಗಲ್ಲ. ನಿಮಗೇ ಗೊತ್ತಾಗ್ಲಿಲ್ಲ."

ಮೇಡಂ ಕಪ್ಪು ದವಡೆಯನ್ನು ಮತ್ತೆ ಬೆಳಕಿಗೆ ಹಿಡಿದರು. ಹೆಬ್ಬೆರಳು ಇನ್ನೊಮ್ಮೆ ಗೆರೆಯ ಗುಂಟ ತುದಿಯವರೆಗೂ ಹೋಯಿತು, ಅಲ್ಲಿ ತಂಗಿತು, ವಾಪಸ್ ಬಂತು. ಎಲುಬಕ್ಕ ಆ ಬೆರಳನ್ನೇ ನೋಡುತ್ತಿದ್ದಳು. ಅವರು ಅದನ್ನು ತೆಗೆದುಕೊಂಡು ಹೋಗಲಿ ಎಂದು ತನ್ನ ಮನಸ್ಸು ಬಯಸುತ್ತಿದೆ ಎಂಬುದು ಅವಳಿಗೆ ಗೊತ್ತಾಯಿತು, ನಾಚಿಕೆಯಾಯಿತು, ಆದರೂ ಬಯಸಿದಳು.

ಮೇಡಂ ದವಡೆಯನ್ನು ಮೇಜಿನ ಮೇಲೆ ಮಲಗಿಸಿದರು, ಗೆರೆ ಕೆಳಮುಖವಾಗುವ ಹಾಗೆ. ಸೀರೆಯ ಸೆರಗು ಸರಿಮಾಡಿಕೊಂಡರು. ಆಮೇಲೆ ತಟ್ಟೆ ಎತ್ತಿಕೊಂಡರು.

"ಹೆಣ್ಣು ಮಗು ಅಂದ್ರಲ್ಲ," ಅಂದರು, ಬಾಗಿಲ ಬಳಿ ನಿಂತು. "ಚೆನ್ನಾಗಿದೆಯಾ?"

"ಚೆನ್ನಾಗಿದೆ ಮೇಡಂ."

ಬಾಗಿಲು ತೆರೆದೇ ಇತ್ತು. ಮೇಡಂ ಹಾಲ್‌ನಲ್ಲಿ ಬಹಳ ನಿಧಾನ ನಡೆಯುತ್ತಿದ್ದರು, ಮರಳು ತಟ್ಟೆಯ ಒಂದು ಬದಿಗೆ ಜಾರದಂತೆ. ಯಜಮಾನನ ಕಾಲಬುಡದಲ್ಲಿ ನಿಂತಿದ್ದ ಬಿಳಿಗಡ್ಡದ ಮುದುಕ ತಿರುಗಿ, ಮುಖ ಅರಳಿಸಿ, ಕೈ ಕುಲುಕಲು ಕೈ ಚಾಚಿದ. ಮೇಡಂ ಅವನ ಮುಂದೆ ಹೋಗಿ ನಿಂತು ಏನೋ ಹೇಳಿದರು. ಕಾರ್ಯಾಗಾರಕ್ಕೆ ಅದು ಕೇಳಿಸಲಿಲ್ಲ. ಅವನು ತಟ್ಟೆಯೊಳಗೆ ನೋಡಿದ. ಅವನ ಮುಖದ ನಗು ಹೊರಟುಹೋಯಿತು, ಚಾಚಿದ ಕೈ ಹಾಗೇ ಇತ್ತು. ಮೇಡಂ ಕೈಯಲ್ಲಿ ತಟ್ಟೆ ಒಂದು ಬದಿಗೆ ವಾಲತೊಡಗಿತು, ಮರಳು ಅಂಚಿಗೆ ಜಾರುತ್ತಿತ್ತು. ಮುದುಕ ಚಾಚಿದ್ದ ತನ್ನ ಕೈಯನ್ನು ಇನ್ನಷ್ಟು ಮುಂದಕ್ಕೆ ತಂದು ತಟ್ಟೆಯ ಇನ್ನೊಂದು ಅಂಚನ್ನು ಹಿಡಿದುಕೊಂಡ.