ತಾಳಮದ್ದಳೆಯಲ್ಲಿ ಗೆಜ್ಜೆ

ಸ್ಪೀಕರಿನ ಬೆನ್ನಿಗೆ ಗಾಳಿಯಾಡಲು ಒಂದು ತೂತು ಇರುತ್ತದೆಂದು ನನಗೆ ಗೊತ್ತಾದದ್ದು ಬೇಬಿ ಚಿಕ್ಕಮ್ಮ ಅದರೊಳಗೆ ಚಿನ್ನ ತುಂಬಿಸಿದ ದಿನ.

ಆ ಚಳಿಗಾಲ ಅಮೆರಿಕದಲ್ಲಿ ಟಿವಿ ಹಾಕಿದರೆ ಮುಳುಗಿದ ಬ್ಯಾಂಕುಗಳದ್ದೇ ಸುದ್ದಿ. "ಲಾಕರಿಗೂ ಅದಕ್ಕೂ ಸಂಬಂಧ ಇಲ್ಲ ಮಾರಾಯ್ತಿ" ಎಂದು ದೇಜಪ್ಪ ಚಿಕ್ಕಪ್ಪ ಎಷ್ಟು ಹೇಳಿದರೂ ಚಿಕ್ಕಮ್ಮನಿಗೆ ಧೈರ್ಯ ಬರಲಿಲ್ಲ. ಚಿಕ್ಕಪ್ಪ ತಮ್ಮ ಮೋಟೆಲಿಗೆ ಹೋಗಿದ್ದಾಗ ಲಾಕರ್ ಖಾಲಿ ಮಾಡಿಕೊಂಡು ಬಂದರು. ಹಿಲ್ಸ್‌ಬರೋದ ಆ ಮನೆಯಲ್ಲಿ ಅಕ್ಕಿ ಡಬ್ಬಿ, ಬಟ್ಟೆ ಕಪಾಟು ಎಲ್ಲ ನೋಡಿ, ಕೊನೆಗೆ ಹಾಲ್‌ನಲ್ಲಿ ನನ್ನ ಸೊಂಟದೆತ್ತರ ನಿಂತಿದ್ದ ಎರಡು ಸ್ಪೀಕರುಗಳ ಹಿಂದೆ ಕೂತರು. ಹಳೆಯ ಸೀರೆ ಹರಿದು ಗಂಟು ಕಟ್ಟಿದೆವು. ಒಳಗೆ ಬಿದ್ದುಹೋಗದಂತೆ ಪ್ರತಿ ಗಂಟಿಗೂ ದಾರ ಕಟ್ಟಿ ಹೊರಗೆ ಅಂಟಿಸಿದ್ದು ನಾನು.

"ಚಿಕ್ಕಪ್ಪನಿಗೆ ಹೇಳ್ಲಿಕ್ಕೆ ಹೋಗ್ಬೇಡ ರಾಜಿ. ಗೊತ್ತಾದ್ರೆ ಊರಿಗೆಲ್ಲ ಫೋನ್ ಮಾಡಿ ನಗಾಡ್ತಾರೆ."

ನಾನು ಹೇಳುವವಳೇ? ಹತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು ಇವರ ಮನೆಗೆ ಬಂದವಳು. ಕೇಳಿದ್ದಕ್ಕೆ ಹೂಂ, ಊಹೂಂ ಎನ್ನುವುದು ಬಿಟ್ಟರೆ ನನಗೆ ಹೆಚ್ಚು ಮಾತಿಲ್ಲ.

ತೊಂದರೆ ಶುರುವಾದದ್ದು ಮದ್ದಳೆಯಿಂದ. ಚಿಕ್ಕಪ್ಪ ಹುಡುಗನಾಗಿದ್ದಾಗ ಊರಿನಲ್ಲಿ ತಾಳಮದ್ದಳೆಗೆ ಮದ್ದಳೆ ಬಾರಿಸುತ್ತಿದ್ದರಂತೆ. ತಾಳಮದ್ದಳೆಯೆಂದರೆ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಎಲ್ಲರೂ ಪಂಚೆ ಉಟ್ಟು ಕೂತು ಹಾಡುವುದು, ವಾದ ಮಾಡುವುದು. ಅಂಥ ಒಂದು ಕೂಟದ ಕ್ಯಾಸೆಟ್ ಯಾರಲ್ಲೋ ಉಳಿದಿತ್ತು. ಅದನ್ನು ಸಿಡಿ ಮಾಡಿಸಿ ತರಿಸಿದ್ದರು. ಪಾರ್ಸಿಪನಿಯಿಂದ ಅಮರೇಶ್ವರ ಅಂಕಲ್ ಊಟಕ್ಕೆ ಬಂದ ದಿನ ಹೆಮ್ಮೆಯಿಂದ ಹಾಕಿದರು.

ಅಂಕಲ್ ಸ್ವಲ್ಪ ಹೊತ್ತು ಕೇಳಿ, "ದೇಜಪ್ಪಣ್ಣಾರ, ಯಾರೋ ಬಿಸ್ಕೀಟ್ ಡಬ್ಬಿ ಬಡ್ಯಾಕತ್ತಾರಲ್ರೀ" ಎಂದರು.

"ಅದು ನಾನು ಮಾರಾಯ್ರೆ."

"ಅಯ್ಯ! ನೀವು ಮೋಟೆಲ್ ಇಟ್ಟಿದ್ದು ಛಲೋ ಆತು ಬಿಡ್ರಿ."

ಎಲ್ಲರೂ ನಕ್ಕರು, ಚಿಕ್ಕಪ್ಪನೂ ನಕ್ಕರು. ಆದರೆ ಅಂಕಲ್ ಹೋದ ಮೇಲೆ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿ, "ಎಡಗೈಯ ದಪ್ಪ ಪೆಟ್ಟೇ ಕೇಳುದಿಲ್ಲ. ನನ್ನ ಕೈ ಇಷ್ಟೇ ಇದ್ದದ್ದಾ?" ಎಂದು ತಮ್ಮ ಅಂಗೈಯನ್ನೇ ನೋಡಿಕೊಂಡರು. ನಾನು ಅಡುಗೆಮನೆಯಲ್ಲಿ ಚಿಕ್ಕಮ್ಮನ ಮುಖ ನೋಡಿದೆ. ಅವರು ಜೋರಾಗಿ ನಲ್ಲಿ ಬಿಟ್ಟರು.

ಮುಂದಿನ ಭಾನುವಾರ ಅಂಕಲ್ ಜೊತೆಗೇ ದೊಡ್ಡ ಪೆಟ್ಟಿಗೆಯೊಂದು ಬಂತು. ತಮಾಷೆ ಹೆಚ್ಚಾಯಿತೆಂದು ಅವರಿಗೂ ಅನಿಸಿರಬೇಕು, ತಾವೇ ಅಂಗಡಿಗೆ ಹೋಗಿ ಆರಿಸಿಕೊಟ್ಟಿದ್ದರು. "ನಿಮ್ಮ ಹಳೇ ಆಂಪ್ಲಿಫೈಯರಿಗೆ ದಮ್ಮಿಲ್ಲರೀ. ಇದು ಅದರ ಮೂರು ಪಟ್ಟು ಪವರ್. ಸೇರಲಿಲ್ಲಂದ್ರ ನಾಳೆ ರಿಟರ್ನ್ ಮಾಡ್ರಿ."

ನಾನೂ ಚಿಕ್ಕಮ್ಮನೂ ಒಟ್ಟಿಗೇ ಸ್ಪೀಕರಿನ ಕಡೆ ನೋಡಿದೆವು. ಅದಕ್ಕೆ ಕಾರಣವಿತ್ತು. ಹಿಂದಿನ ದಿನ ಮೆಟುಚೆನ್‌ನಲ್ಲಿ ಒಂದು ಸೀಮಂತ. ಚಿಕ್ಕಮ್ಮ ಗಂಟಿನಿಂದ ಬಳೆ ತೆಗೆದು ತೊಟ್ಟುಕೊಂಡು ಹೋಗಿದ್ದರು. ಬಂದ ಮೇಲೆ ಗ್ಯಾರೇಜಿನ ಬಾಗಿಲು ಸದ್ದಾಯಿತೆಂದು, ಗಡಿಬಿಡಿಯಲ್ಲಿ ಬಳೆಗಳನ್ನು ಗಂಟು ಕಟ್ಟದೆ ಹಾಗೇ ತೂತಿನೊಳಗೆ ತುರುಕಿದ್ದರು.

ಚಿಕ್ಕಪ್ಪ ಹೊಸ ಆಂಪ್ಲಿಫೈಯರಿನ ಗುಂಡಿಯನ್ನು ಅರ್ಧ ತಿರುಗಿಸಿದರು. ಹಾಡುವ ಭಾಗವತರ ಸ್ವರ ಗೋಡೆಗೆ ಬಡಿಯಿತು. ಇನ್ನಷ್ಟು ತಿರುಗಿಸಿದರು. ಮದ್ದಳೆ ಬಂತು. ಅದರ ಹಿಂದೆಯೇ ಝಣ್, ಝಣ್, ಝಣ್.

"ವಾವ್!" ಅಂಕಲ್ ಕುರ್ಚಿಯ ತುದಿಗೆ ಬಂದರು. "ಗೆಜ್ಜಿ ಎಷ್ಟು ಕ್ಲಿಯರ್ ಕೇಳಸ್ತದ ನೋಡ್ರಿ! ಯಾರ್ರೀ ಕುಣಿಯೋರು?"

ಕಣ್ಣು ಮುಚ್ಚಿದ್ದ ಚಿಕ್ಕಪ್ಪ ಕಣ್ಣು ಬಿಟ್ಟರು. "ತಾಳಮದ್ದಳೆಯಲ್ಲಿ ಗೆಜ್ಜೆ ಎಲ್ಲಿಂದ? ಎಲ್ಲರೂ ಕೂತಿದ್ದಾರೆ ಮಾರಾಯ್ರೆ."

"ಒಬ್ರು ಎದ್ದಿರಬೇಕು."

"ಗೆಜ್ಜೆ ಕಟ್ಟಿಕೊಂಡಾ?"

"ಪವರ್ ಹೆಚ್ಚಾದ್ರ ಹಿಂದ ಕೇಳದ್ದೆಲ್ಲಾ ಕೇಳಸ್ತದರೀ. ಇದನ್ನ ಇಟ್ಕೊಂಡು ಬಿಡ್ರಿ."

"ಇಟ್ಟುಕೊಳ್ಳುವಾ" ಎಂದರು ಚಿಕ್ಕಪ್ಪ. ಆದರೆ ದನಿಯಲ್ಲಿ ಸಂತೋಷವಿರಲಿಲ್ಲ. "ಶಬ್ದ ದೊಡ್ಡದಾಯ್ತು. ನನ್ನ ಎಡಗೈ ಮಾತ್ರ ಈಗಲೂ ಇಲ್ಲ. ಡಬ್ಬಿಯೇ ಸರಿ." ಆಮೇಲೆ ನನ್ನ ಕಡೆ ತಿರುಗಿದರು. "ರಾಜಿ, ನಿನ್ನ ಕಿವಿ ಸೂಕ್ಷ್ಮ. ನೀನು ಹೇಳು, ಹೊಸತಾ, ಹಳೆಯದಾ?"

ಆ ಮನೆಯಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೌಟು ಆಡಿಸಿ ಬೇಡ ಬೇಡ ಎನ್ನುತ್ತಿದ್ದರು. ಚಿಕ್ಕಪ್ಪನ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು.

"ಹಳೆಯದೇ ಸಾಕು ಚಿಕ್ಕಪ್ಪ" ಎಂದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿಸಿತು. "ಚಿಕ್ಕಮ್ಮ, ಬಳೆ ತೆಗೆಯುವಾ?"

ನಾನು ಸ್ಪೀಕರಿನ ಹಿಂದೆ ಕೂತು ಮೊದಲು ಬಳೆಗಳನ್ನು, ಆಮೇಲೆ ದಾರ ಹಿಡಿದು ಒಂದೊಂದೇ ಗಂಟನ್ನು ಎಳೆದೆ. ಅವಲಕ್ಕಿ ಸರ ಹೊರಗೆ ಜಾರಿದಾಗ ಅಂಕಲ್ "ಶಿವನs!" ಎಂದರು.

"ಬೇಬಿ!" ಎಂದರು ಚಿಕ್ಕಪ್ಪ.

"ಎಂತ ಬೇಬಿ? ಬ್ಯಾಂಕ್ ಮುಳುಗಿದ್ರೆ ನಿಮ್ಮ ಮದ್ದಳೆ ಬೇಯಿಸಿ ಗಂಜಿಗೆ ಹಾಕುದಾ?"

"ದಪ್ಪ ಶಬ್ದ ಬರುವ ತೂತು ಮುಚ್ಚಿ ನನ್ನ ಎಡಗೈಯನ್ನೇ ಕಟ್ಟಿ ಹಾಕಿದೆಯಲ್ಲ ಮಾರಾಯ್ತಿ!"

ಹಳೆಯ ಆಂಪ್ಲಿಫೈಯರನ್ನೇ ಮತ್ತೆ ಜೋಡಿಸಿದರು. ಈ ಸಲ ಮದ್ದಳೆ ನೆಲದಿಂದ ಎದ್ದು ಬಂತು. ಎಡಗೈಯ ಪೆಟ್ಟು ಪಾದದಲ್ಲಿ ತಾಗಿತು. ಚಿಕ್ಕಪ್ಪನ ಬೆರಳುಗಳು ತೊಡೆಯ ಮೇಲೆ ಅದರ ಜೊತೆಗೇ ಆಡುತ್ತಿದ್ದವು, ಕೆಲವು ಕಡೆ ಅದಕ್ಕಿಂತ ಸ್ವಲ್ಪ ಮುಂಚೆಯೇ. ಅಮರೇಶ್ವರ ಅಂಕಲ್ ಆ ಬೆರಳುಗಳನ್ನೇ ನೋಡುತ್ತಾ ಕೂತರು.

"ಖರೇನ ನೀವs ಬಾರ್ಸಿದ್ದೇನ್ರೀ?"

ಚಿಕ್ಕಪ್ಪ ಬೆರಳಾಡಿಸುತ್ತಲೇ ತಲೆಯಾಡಿಸಿದರು. ಚಿಕ್ಕಮ್ಮ ಸೆರಗಿನಲ್ಲಿ ಚಿನ್ನ ಕಟ್ಟಿಕೊಂಡೇ ಅಂಕಲ್‌ಗೆ ಇನ್ನೆರಡು ನೀರುದೋಸೆ ಬಡಿಸಿ, ಯಾರಿಗೂ ಹೇಳುವುದಿಲ್ಲವೆಂದು ತಟ್ಟೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ನಾಳೆ ಆಂಪ್ಲಿಫೈಯರ್ ವಾಪಸು ಕೊಡಲು ಹೋಗುವಾಗ ಲಾಕರಿಗೂ ಹೋಗುವುದೆಂದು ತೀರ್ಮಾನವಾಯಿತು.

"ರಾಜಿ, ಶಬ್ದ ಸಾಕಾ?" ಚಿಕ್ಕಪ್ಪ ಗುಂಡಿಯ ಮೇಲೆ ಕೈಯಿಟ್ಟು ಕೇಳಿದರು.

"ಇಲ್ಲ" ಎಂದೆ. "ಇನ್ನೂ ಸ್ವಲ್ಪ ಜೋರು ಮಾಡಿ."