ವೀರಬಸಮ್ಮನ ಗಿಳಿರಾಯ

ವೀರಬಸಮ್ಮ ಬೀದಿಯಲ್ಲಿ ನಡೆಯುವಾಗಲೂ ಮಗ್ಗದ ಕಾಲುಮಣೆ ತುಳಿಯುತ್ತಿರುವಂತೆಯೇ ಕಾಣುತ್ತಿತ್ತು: ಎಡಗಾಲು ಗಟ್ಟಿ, ಬಲಗಾಲು ಹಗುರ, ಮತ್ತೆ ಎಡಗಾಲು ಗಟ್ಟಿ. ಗದ್ವಾಲಿನ ಕುಣಿಮಗ್ಗದಲ್ಲಿ ನಲವತ್ತು ವರ್ಷ ಕಾಲು ಇಳಿಬಿಟ್ಟು ಕೂತ ದೇಹಕ್ಕೆ ಅನ್ಯ ತಾಳ ತಿಳಿದಿರಲಿಲ್ಲ. ಚಳಿಯಿರಲಿ, ಸೆಕೆಯಿರಲಿ, ಸೀರೆಯ ಮೇಲೆ ತೀರಿಹೋದ ಗಂಡನ ಮದುವೆಯ ಕರಿ ಕೋಟು. ನೇಯ್ಗೆಯಲ್ಲಿ ಕೂದಲೆಳೆಯಷ್ಟು ತಪ್ಪು ಕಂಡರೂ ಗೇಣುದ್ದ ಬಿಚ್ಚಿ, ತುಂಡಾದ ಎಳೆಗಳನ್ನು ಆ ಕೋಟಿನ ಜೇಬಿಗೆ ತುರುಕಿ ಮತ್ತೆ ಮೊದಲಿನಿಂದ ನೇಯುವ ಹಠಮಾರಿ ಅವಳು. ‘ಇರ್ಲಿ ಬಿಡು’ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಪಕ್ಕದ ಮನೆಯವನಾದ ನಾನು ಕೇಳಿರಲಿಲ್ಲ.

ಇಂಥ ಕಟ್ಟುನಿಟ್ಟಿನ ಹೆಂಗಸಿನ ಮನೆಯ ಟೇಪ್‌ರೆಕಾರ್ಡರಿನಿಂದ ಒಂದು ವರ್ಷ ಬೆಳಗಿನಿಂದ ಸಂಜೆಯವರೆಗೆ ಕೇಳಿಬರುತ್ತಿದ್ದ ಹಾಡು ಮಾತ್ರ ಶುದ್ಧ ತಲೆಹರಟೆ. ತೆಲುಗಿನದು. ಗಿಳಿರಾಯನೊಬ್ಬ ಬೂಟು ಹಾಕಿಕೊಂಡು, ಬೆಲ್ಲದ ಬಂಡಿ ಏರಿ, ಚಂದ್ರನ ಮನೆಗೆ ಲಡ್ಡು ತಿನ್ನಲು ಹೊರಡುತ್ತಾನೆ, ದಾರಿಯುದ್ದಕ್ಕೂ ಲಲ್ಲಲ್ಲ. ಅಷ್ಟೇ. ಕೇಳಿದವರ ಹಲ್ಲು ಜುಮ್ಮೆನ್ನುವಷ್ಟು ಸಿಹಿ.

ಅದು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರೂ ಮುಷ್ಕರ ಹೂಡಿದ್ದ ವರ್ಷ. ಬೀದಿಯ ತುದಿಯ ಮುಷ್ಕರದ ಡೇರೆಯಲ್ಲಿ, ಅದನ್ನು ನಡೆಸುತ್ತಿದ್ದ ನಮ್ಮ ಬೀದಿಯ ಹುಡುಗ ಉದಯಕುಮಾರನ ಮೈಕು ಹೋರಾಟದಲ್ಲಿ ಮಡಿದವರ ಹೆಸರು ಹಿಡಿದು ಅಳುವ ಹಾಡುಗಳನ್ನು ಹಾಕುತ್ತಿತ್ತು. ಅವುಗಳ ನಡುವೆ ಈ ಬೂಟಿನ ಗಿಳಿ! ಊರಿನ ದುಃಖ ಹೋಗಲಿ, ಆ ಮನೆಯದೇ ದುಃಖ ಇನ್ನೂ ಹಸಿಯಾಗಿತ್ತು. ಸೊಸೆ ಹರಿತಾಳ ಚೊಚ್ಚಲ ಕೂಸು ಆ ಬೇಸಿಗೆಯಲ್ಲಿ ಒಂಬತ್ತು ದಿನ ಬದುಕಿ ಹೋಗಿತ್ತು. ಅಂದಿನಿಂದ ಹರಿತಾ ಮಾತು ಬಿಟ್ಟಿದ್ದಳು. ಮುದುಕಿಗೆ ಮರುಳು ಹಿಡಿದಿದೆ ಎಂದು ಬೀದಿ ಆಡಿಕೊಂಡಿತು, ನಾನೂ ಆಡಿಕೊಂಡೆ.

ಕೊನೆಗೊಂದು ದಿನ ಉದಯಕುಮಾರ ನನ್ನನ್ನು ಜೊತೆಗೆ ಕರೆದುಕೊಂಡು ಅವಳ ಬಾಗಿಲಿಗೆ ಹೋದ.

“ದೊಡ್ಡವ್ವ, ಹುಡುಗ್ರು ಪ್ರಾಣ ಕೊಟ್ಟಾರ. ಇಂಥಾದ್ರಾಗ ಈ ಹಾಡು ಚಂದ ಕಾಣ್ತತೇನ್ರಿ?”

ವೀರಬಸಮ್ಮ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದಳು. ದನಿ ತಗ್ಗಿಸಿ ಹೇಳಿದಳು: “ತಮ್ಮಾ, ಭಜನಿ ಪದ ಹಚ್ಚಿದೆ, ‘ತಾಯಿ’ ಅಂದಲ್ಲಿ ಮಗ್ಗದ ಮ್ಯಾಲ ಹರಿತಾನ ಕೈ ನಿಂತ್ವು. ನಿನ್ನ ಹಾಡಿನ್ಯಾಗ ‘ಮಗ’ ಅಂದಲ್ಲಿ ನಿಂತ್ವು. ಈ ಹಾಡಿನ್ಯಾಗ ಯಾರೂ ಸತ್ತಿಲ್ಲ, ಯಾರೂ ಹುಟ್ಟೂ ಇಲ್ಲ. ಅದಕ್ಕ ಹಚ್ಚೀನಿ.”

ಗದ್ವಾಲ್ ಸೀರೆಯ ಹತ್ತಿಯ ಒಡಲಿಗೆ ಒಂದು ಲಾಳಿ, ರೇಷ್ಮೆಯ ಅಂಚುಗಳಿಗೆ ಬೇರೆ ಲಾಳಿ. ಒಂದು ಅಂಚಿನದನ್ನು ಪಕ್ಕದಲ್ಲಿ ಕೂತವರು ಎಸೆಯಬೇಕು. ಮೂಲೆ ಹಿಡಿದಿದ್ದ ಹರಿತಾಳನ್ನು ಎಬ್ಬಿಸಿ ಅತ್ತೆ ಹಾಗೆ ಕೂರಿಸಿದ್ದಳು. ಅವಳ ಕೈ ನಿಂತರೆ ಸೀರೆಯಷ್ಟೇ ನಿಲ್ಲುತ್ತಿರಲಿಲ್ಲ. ಮತ್ತೆ ಮೂಲೆ ಸೇರಿದರೆ ಆ ಹುಡುಗಿ ಏಳುವುದಿಲ್ಲವೆಂಬ ಭಯ ಅತ್ತೆಗಿತ್ತು. ಉದಯಕುಮಾರ ಡೇರೆಗೆ ಹೋಗಿ, ಮೈಕಿನ ಬಾಯಿಯನ್ನು ದೊಡ್ಡ ರಸ್ತೆಯ ಕಡೆ ತಿರುಗಿಸಿದ. ನನಗೆ ನಾಚಿಕೆಯಾಯಿತು.

ಹದಿನೈದು ದಿನ ಕಳೆದಿರಬೇಕು. ಕಲ್ಲಿದ್ದಲು ಗಣಿಯವರೂ ಮುಷ್ಕರದಲ್ಲಿದ್ದುದರಿಂದ ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ನಾನು ಅವಳ ಜಗಲಿಯಲ್ಲಿ ಕೂತಿದ್ದಾಗ, ಗಿಳಿರಾಯ ಬಂಡಿ ಏರುವ ಹೊತ್ತಿಗೆ ಸರಿಯಾಗಿ ಹಾಡು ತಟ್ಟನೆ ನಿಂತಿತು. ಲಾಳಿಗಳು ಮಾತ್ರ ಹರಿದಾಡುತ್ತಲೇ ಇದ್ದವು. ಆಗ ಮಗ್ಗದ ಆ ಬದಿಯಿಂದ, ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿಯಲ್ಲಿ, ಮುಂದಿನ ಸಾಲು ಬಂತು. ಹರಿತಾ ಹಾಡುತ್ತಿದ್ದಳು, ಲಲ್ಲಲ್ಲವನ್ನೂ ಬಿಡದೆ.

ನಲವತ್ತು ವರ್ಷದ ಕೈ ಅಂದು ತಪ್ಪಿತು. ಅಂಚಿನಲ್ಲಿ ಒಂದು ಎಳೆ ಬಿಟ್ಟುಹೋಯಿತು. ಹರಿತಾಳೇ ಅದನ್ನು ಕಂಡು ಹಾಡು ನಿಲ್ಲಿಸಿ, “ಅತ್ತೀ, ತಪ್ಪೈತ್ರಿ. ಬಿಚ್ಚಲೇನ್ರಿ?” ಎಂದಳು. ವೀರಬಸಮ್ಮ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು.

“ಇರ್ಲಿ ಬಿಡು. ನೀ ಹಾಡು.”

ಇಂಥವರನ್ನು ನಾವು ಅಲ್ಪಾಭಿರುಚಿಯವರೆಂದು ಬೇಗ ತೀರ್ಮಾನಿಸಿಬಿಡುತ್ತೇವೆ. ಹಾಡಿನಲ್ಲಿ ಏನಿದೆ ಎಂದು ತೂಗಿ ನೋಡುವವರು ನಾವು. ತಮ್ಮವರನ್ನು ನೋಯಿಸುವಂಥದ್ದು ಅದರಲ್ಲಿ ಏನೂ ಇಲ್ಲವೆಂದು ಸಾಲುಸಾಲಾಗಿ ಪರೀಕ್ಷಿಸಿ, ಆಮೇಲಷ್ಟೇ ಮನೆಯೊಳಗೆ ಬಿಟ್ಟುಕೊಳ್ಳುವವರು ಅವರು.